ಕೊಟ್ಟಿಗೆಯ ಬಾಗಿಲಿಂದ

2022ರ ಬೇಸಿಗೆ. ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಕ್ಯುರೇಟರ್ ನಾನು. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹತ್ತಿರದ ಒಂದು ತೊಟ್ಟಿಮನೆಯನ್ನು ಸ್ಮಾರಕವಾಗಿ ಸಜ್ಜುಗೊಳಿಸುವ ಕೆಲಸ ನನ್ನ ಪಾಲಿಗೆ ಬಂತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಂತ್ರಿಯಾಗಿದ್ದ ದೊಡ್ಡವರೊಬ್ಬರು ಹುಟ್ಟಿದ ಮನೆ ಅದು. ಸುತ್ತ ಅವರದೇ ಹಿಪ್ಪುನೇರಳೆ ತೋಟ. ಮನೆ ಬಿಟ್ಟುಕೊಡಲು ಒಪ್ಪಿದ್ದ ಮೊಮ್ಮಗ ರಾಜಶೇಖರ್ ಇನ್ನೂ ದಾನಪತ್ರಕ್ಕೆ ಸಹಿ ಹಾಕಿರಲಿಲ್ಲ.

ನಮ್ಮ ಕೆಲಸದಲ್ಲಿ ವಿಸಿಟರ್ ರೂಟ್ ಅಂತ ಒಂದಿದೆ. ನೋಡಲು ಬಂದವರು ಯಾವ ಬಾಗಿಲಿಂದ ಬಂದು ಏನೇನು ನೋಡಬೇಕು ಎಂಬ ದಾರಿ. ಇಲ್ಲಿ ಅದು ಮುಂಬಾಗಿಲಿಂದ ಶುರುವಾಗಿ, ಭಾಷಣ ಮಾಡುತ್ತಿರುವ ದೊಡ್ಡವರ ಫೋಟೋ ದಾಟಿ, ಅವರು ಹುಟ್ಟಿದ ಕೋಣೆಯಲ್ಲಿ ಮುಗಿಯುತ್ತಿತ್ತು. ಹಿಂದಿನ ಕೊಟ್ಟಿಗೆ ಕೆಡವಿ ಶೌಚಾಲಯ ಕಟ್ಟಬೇಕೆಂದು ರಾಜಶೇಖರ್ ಹಟ ಹಿಡಿದಿದ್ದರು.

ಜೆಸಿಬಿ ಬಂದ ಬೆಳಿಗ್ಗೆ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತುಬಿಟ್ಟಿದ್ದರು. ಅದೇ ಊರಿನ ಮುನಿಯಮ್ಮ. ಡ್ರೈವರ್ ಇಂಜಿನ್ ಆರಿಸಿ ನನ್ನ ಮುಖ ನೋಡಿದ.

“ಅಮ್ಮಾ, ಏಳಿ, ಗೋಡೆ ಬಿದ್ದೀತು” ಅಂದೆ.

“ನಾನೂ ಈ ಮನೇಲೇ ಹುಟ್ಟಿರೋದು ಕಣವ್ವ” ಅಂದರು ಮುನಿಯಮ್ಮ. “ನಮ್ಮಪ್ಪ ಇಲ್ಲಿ ಜೀತಕ್ಕಿದ್ದ. ನಮ್ಮವ್ವ ನನ್ನ ಹೆತ್ತಿದ್ದು ಆ ಮೂಲೇಲಿ. ಮಾಸು ಹೂತಿರೋದೂ ಅಲ್ಲೇ, ಆ ಕಲ್ಲಿನ ಕೆಳಗೆ.”

ಹೆರಿಗೆಯ ಮಾಸನ್ನು ಮನೆ ಪಕ್ಕ ಹೂತು ಮೇಲೊಂದು ಕಲ್ಲಿಡುವುದು ಹಳೆಯ ರೂಢಿ. ಸ್ವಂತ ಮನೆಯೇ ಇಲ್ಲದವರು ಧಣಿಯ ಕೊಟ್ಟಿಗೆಯಲ್ಲೇ ಹೂತಿದ್ದರು.

ಅಷ್ಟರಲ್ಲಿ ರಾಜಶೇಖರ್ ಬಂದರು. ಆರಡಿ ಆಳು. ಮುನಿಯಮ್ಮ ಹೇಳಿದ್ದನ್ನು ತಿಳಿಸಿ ಕೊಟ್ಟಿಗೆ ಉಳಿಸೋಣ ಅಂದಾಗ ಮುಖ ಕೆಂಪಾಯಿತು. “ಮೇಡಂ, ತಾತನ ಹೆಸರಿಗೆ ಮಸಿ ಬಳೀಬೇಕು ಅಂತಿದ್ದೀರಾ? ಆಗ ಯಾರ ಮನೇಲಿ ಜೀತದಾಳು ಇರ್ಲಿಲ್ಲ? ಕೊಟ್ಟಿಗೆ ಉಳಿದ್ರೆ ನಾನು ಸಹಿ ಹಾಕಲ್ಲ.”

ಸಹಿ ಹಾಕದಿದ್ದರೆ ಮನೆ ಅವರದೇ. ಮರುದಿನವೇ ಕೊಟ್ಟಿಗೆ ಕೆಡವಿದರೂ ಕೇಳುವವರಿಲ್ಲ. ಅದು ಗೊತ್ತಿದ್ದೂ ಸಿಟ್ಟು ತಡೆಯಲಿಲ್ಲ. “ಹಾಗಾದ್ರೆ ‘ಹುಟ್ಟಿದ ಮನೆ’ ಅನ್ನೋ ಬೋರ್ಡೂ ಇಳಿಸ್ತೀನಿ” ಅಂದುಬಿಟ್ಟೆ.

ಮುನಿಯಮ್ಮ ಮಾತ್ರ ದನಿ ಏರಿಸಲಿಲ್ಲ. “ನಾನು ಬೈಯೋಕೆ ಬಂದಿಲ್ಲ ಕಣಪ್ಪ. ನಿಮ್ಮ ತಾತ ಹುಟ್ಟಿದ ಜಾಗಕ್ಕೆ ದೀಪ ಹಚ್ತೀರಿ. ನಾನು ಹುಟ್ಟಿದ ಜಾಗದಲ್ಲಿ ಜನ ಉಚ್ಚೆ ಹೊಯ್ಬೇಕಾ?”

ರಾಜಶೇಖರ್ ಮೂಲೆಯ ಆ ಕಲ್ಲಿನ ಹತ್ತಿರ ಹೋಗಿ ಬಗ್ಗಿ ನೋಡಿದರು. ಹೊರಗೆ ಬಂದು ಡ್ರೈವರ್‌ಗೆ ಹೋಗು ಎಂದು ಕೈ ಬೀಸಿದರು. ಸಹಿ ಆಮೇಲೆ ಬಂತು, ಹಾಕುವಾಗ ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.

ಉದ್ಘಾಟನೆಯ ದಿನ ಮುನಿಯಮ್ಮನನ್ನು ಮುಂಬಾಗಿಲಿಗೆ ಕರೆದೆ. ಅವರು ಕೊಟ್ಟಿಗೆಯ ಹತ್ತಿರದಿಂದ ಕದಲಲಿಲ್ಲ.

“ನಮ್ಮಪ್ಪ ಸಾಯೋವರೆಗೂ ಆ ಹೊಸ್ತಿಲು ತುಳೀಲಿಲ್ಲ. ನಾನು ಕೊಟ್ಟಿಗೆ ಬಾಗಿಲಿಂದ್ಲೇ ಬರ್ತೀನಿ. ಬಂದೋರೂ ಇಲ್ಲಿಂದ್ಲೇ ಬರ್ಲಿ ಬಿಡವ್ವ.”

ದಾರಿ ತೋರಿಸುವ ಬೋರ್ಡನ್ನು ಮುಂಬಾಗಿಲಿಂದ ಕಿತ್ತು ಹಿಂದೆ ಕೊಟ್ಟಿಗೆಯ ಬಳಿ ನೆಡಿಸಿದೆ. ಒಂದು ಮನೆಯ ಕಥೆ ಯಾವ ಬಾಗಿಲಿಂದ ಶುರುವಾಗಬೇಕು ಎಂಬುದನ್ನು ಇಷ್ಟು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಅಂದೇ. ಕೊಟ್ಟಿಗೆಯ ಬಾಗಿಲು ಬಹಳ ಗಿಡ್ಡ. ಮೊದಲು ಮುನಿಯಮ್ಮ ಒಳಗೆ ಹೋದರು. ಅವರ ಹಿಂದೆ ರಾಜಶೇಖರ್, ತಲೆ ಬಗ್ಗಿಸಿಕೊಂಡು.