ಟಾಂಗಾ ಚಾಚಾನ ಮಾಯದ ಪೆಟ್ಟು

ಮೊನ್ನೆ ಸೊಸೆ ನೆನೆಹಾಕಿದ ಹುರುಳಿಯ ಮುಚ್ಚಳ ತೆಗೆದಳು. ಆ ಹಸಿ ವಾಸನೆಗೆ ಅರವತ್ತು ವರ್ಷ ಹಿಂದಿನ ಟಾಂಗಾ ಚಾಚಾ ನೆನಪಾದರು...

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಅವರ ಮನೆಯಿತ್ತು. ಬೆಳಗಾದರೆ ಕುದುರೆಗೆ ಹುರುಳಿ ತಿನ್ನಿಸಿ, ಓಣಿಯ ಹುಡುಗಿಯರನ್ನೆಲ್ಲ ಟಾಂಗಾದಲ್ಲಿ ಕೂಡಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಕೈಯಲ್ಲಿ ಚಾಟಿ ಇರುತ್ತಿತ್ತು. ಅದು ಕುದುರೆಯ ಮೈಮೇಲೆ ಬಿದ್ದದ್ದನ್ನು ನಾನು ಕಂಡಿರಲಿಲ್ಲ. "ಅದಕ್ಕೂ ಮುಂಜಾನೆ ಬ್ಯಾಸರ ಇರತೈತಿ ಬೇಟಿ" ಎನ್ನುತ್ತಿದ್ದರು.

ನಾನು ಮೆಟ್ರಿಕ್ ಓದುತ್ತಿದ್ದ ವರ್ಷ ತಿಕೋಟಾದ ದಾರಿಯಲ್ಲಿ ಟಾಂಗಾ ಮಗುಚಿತು. ಚಾಚಾನ ತಲೆ ಕಲ್ಲಿಗೆ ಅಪ್ಪಳಿಸಿತು. ಎಚ್ಚರವಾಗಲು ಬಹಳ ಹೊತ್ತೇ ಹಿಡಿಯಿತು. ಆಸ್ಪತ್ರೆಯಲ್ಲಿ ಹೊಲಿಗೆ ಬಿಚ್ಚಿದರು, ಗಾಯ ಮಾಯಿತು. ದೇವರು ದೊಡ್ಡವನೆಂದು ಓಣಿಯವರೆಲ್ಲ ಕೈಮುಗಿದರು.

ಆದರೆ ಮನೆಗೆ ಬಂದವರು ಬೇರೆಯೇ ಆಗಿದ್ದರು. ಬಿಸಿಲು ಕಂಡರೆ ಕಣ್ಣು ಮುಚ್ಚಿಕೊಳ್ಳುವರು, ಪಾತ್ರೆಯ ಸಪ್ಪಳಕ್ಕೆ ಸಿಡಿಯುವರು. ದಿನವೂ ಓಡಾಡಿದ ಶಾಲೆಯ ದಾರಿ ಮರೆತು ನಡುರಸ್ತೆಯಲ್ಲಿ ನಿಂತುಬಿಟ್ಟರು. ಒಮ್ಮೆ ಕುದುರೆಗೆ ರಪರಪನೆ ಬಾರಿಸಿ, ಆಮೇಲೆ ಅದರ ಕೊರಳು ತಬ್ಬಿ ಅತ್ತರು. ಗಾಳಿ ಸೋಕಿದೆ ಎಂದರು ಕೆಲವರು, ಸೊಕ್ಕು ಎಂದರು ಕೆಲವರು. ಅವರ ಹೆಂಡತಿ, ನಮ್ಮ ಚಾಚಿ, ಬಬಲೇಶ್ವರದಿಂದ ತಾಯಿತ ಕಟ್ಟಿಸಿ ತಂದರು.

ಒಂದು ಸಂಜೆ ಕಟ್ಟೆಯ ಮೇಲೆ ಕೂತಿದ್ದ ಅವರಿಗೆ ಚಹಾ ಕೊಟ್ಟೆ.

"ಈಗ ಹೆಂಗದೀರಿ ಚಾಚಾ?"

"ಬಿದ್ದಾಂವ ಒಬ್ಬ ಬೇಟಿ, ಎದ್ದ ಬಂದಾಂವ ಮತ್ತೊಬ್ಬ. ಇಂವನ ಕೂಡ ನನಗ ಬಾಳೇ ಮಾಡಾಕ ಆಗವಲ್ದು."

ಅವ್ವನಿಗೆ ಹೇಳಿದೆ. ಅವ್ವ ಹೋಗಿ ಚಾಚಿಯ ಪಕ್ಕ ಕೂತು ಬಂದಳು. ಅದಕ್ಕಿಂತ ಹೆಚ್ಚು ಏನು ಮಾಡಬೇಕೆಂಬುದು ಯಾರಿಗೂ ತಿಳಿದಿರಲಿಲ್ಲ.

ಆ ಮಳೆಗಾಲ ಮುಗಿಯುವ ಮೊದಲೇ ಚಾಚಾ ತಮ್ಮ ಜೀವ ತಾವೇ ಕಳೆದುಕೊಂಡರು. ಬಂದವರ ಕೈ ಹಿಡಿದು ಚಾಚಿ ಕೇಳಿದ್ದು ಒಂದೇ ಮಾತು: "ನನ್ನ ಮ್ಯಾಲ ಅಷ್ಟ ಸಿಟ್ಟ ಇತ್ತೇನ್ರಿ ಅವರಿಗೆ?" ಕುದುರೆ ಮಾರಿ ಚಾಚಿ ತಿಕೋಟಾದ ತಮ್ಮನ ಮನೆ ಸೇರಿದರು.

ಹೋದ ವರ್ಷ ನನ್ನ ಮೊಮ್ಮಗ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಜಲನಗರದ ಡಾಕ್ಟರು ಔಷಧಿ ಬರೆದು ಹೇಳಿದರು: "ತಲಿಗೆ ಪೆಟ್ಟ ಬಿದ್ದ ಮ್ಯಾಲ ಮನಸೂ ಕುಗ್ಗಬಹುದ್ರಿ ಅಮ್ಮಾ. ಸಿಟ್ಟ ಹೆಚ್ಚಾದ್ರ, ಬದುಕೋದ ಬ್ಯಾಡ ಅಂದ್ರ, ಒಬ್ಬನ್ನ ಬಿಡಬ್ಯಾಡ್ರಿ, ತಕ್ಷಣ ಕರಕೊಂಡ ಬರ್ರಿ. ಅದೂ ಪೆಟ್ಟಿನ ಬ್ಯಾನಿನೇ, ಯಾರ ತಪ್ಪೂ ಅಲ್ಲ. ಅದಕ್ಕೂ ಇಲಾಜ ಐತಿ."

ಮೊಮ್ಮಗ ಗುಣವಾದ. ಆದರೆ ಡಾಕ್ಟರು ಹೇಳಿದ ಆ ಮಾತನ್ನು ಚಾಚಿಗೆ ಹೇಳಬೇಕಿತ್ತು. ಅವರು ತೀರಿಹೋಗಿ ಎಷ್ಟು ಕಾಲವಾಯಿತೋ... ತಿಕೋಟಾದ ಆ ಮನೆಯಲ್ಲೂ ಈಗ ಬೇರೆ ಯಾರೋ ಇದ್ದಾರೆ.