ಕಪ್ಪು ಪೆಟ್ಟಿಗೆಯ ಕಡೆಯ ದೊಡ್ಡ ಭಾವ

ನನ್ನ ದೊಡ್ಡ ಭಾವನದು ಕನ್ನಡಕದ ಅಂಗಡಿ. ಅಕ್ಷರದ ಬೋರ್ಡನ್ನು ದೂರ ಇಡಲು ಜಾಗವಿಲ್ಲದಷ್ಟು ಸಣ್ಣದು. ಹಾಗಾಗಿ ಗಿರಾಕಿಯ ತಲೆಯ ಹಿಂದೆ ಬೋರ್ಡು, ಎದುರಿಗೆ ಕನ್ನಡಿ. ಭಾರದ ಫ್ರೇಮೊಂದನ್ನು ಮೂಗಿನ ಮೇಲೆ ಕೂರಿಸಿ, ಟಕ್ಕೆಂದು ಗಾಜು ಬದಲಿಸುತ್ತ ಕೇಳುತ್ತಾರೆ: "ಈಗ ಚೆನ್ನಾಗಿದೆಯಾ, ಮೊದಲು ಚೆನ್ನಾಗಿತ್ತಾ?" ಗಿರಾಕಿ "ಎರಡೂ ಒಂದೇ" ಅಂದರೆ ನಂಬರು ಸಿಕ್ಕಿತು ಎಂದರ್ಥ. "ಆಯ್ತು, ಏಳಿ" ಅನ್ನುತ್ತಾರೆ. ಕುರ್ಚಿ ಮುಂದಿನವರಿಗೆ.

ಅಂಗಡಿಯಲ್ಲಿ ಇಷ್ಟು ಹದವಾಗಿರುವ ಮನುಷ್ಯ ಮನೆಗೆ ಬಂದು ಚಪ್ಪಲಿ ಬಿಡುವಾಗ ಬುದ್ಧಿಯನ್ನೂ ಅಲ್ಲೇ ಬಿಡುತ್ತಾರೆ. ಕಾರಣ, ಟಿವಿಯ ಕೆಳಗಿರುವ ವಿಡಿಯೋ ಗೇಮಿನ ಕಪ್ಪು ಪೆಟ್ಟಿಗೆ. ಇಂಥ ಪೆಟ್ಟಿಗೆ ಮಾಡುವ ದೊಡ್ಡ ಕಂಪನಿಗಳು ಎರಡು. ಒಂದರದು ಕಪ್ಪು, ಇನ್ನೊಂದರದು ಬಿಳಿ. ಭಾವ ಕಪ್ಪಿನ ಕಡೆ. ಆಟ ಆಡಲು ಅವರಿಗೆ ಬರುವುದಿಲ್ಲ. ಅವರ ಕಾರು ಮೊದಲ ತಿರುವಿನಲ್ಲೇ ಗೋಡೆಗೆ ಮುತ್ತಿಡುತ್ತದೆ. ಆದರೂ "ನಮ್ಮವರು ಈ ಸಲ ಬಿಳಿಯವರಿಗೆ ನೀರು ಕುಡಿಸ್ತಾರೆ" ಎಂದು ಊಟಕ್ಕೆ ಕೂತಾಗಲೂ ಹೇಳುತ್ತಾರೆ. ಆ "ನಮ್ಮವರಿಗೆ" ಇವರೊಬ್ಬರು ಭೂಮಿಯ ಮೇಲೆ ಇದ್ದಾರೆಂಬುದೇ ಗೊತ್ತಿಲ್ಲ.

ಚಿಕ್ಕಕ್ಕನ ಗಂಡ, ನನ್ನ ಚಿಕ್ಕ ಭಾವ, ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಅವರದು ಬಿಳಿ. ಷಡ್ಡಕರಿಬ್ಬರದೂ ಮೊದಲಿನಿಂದಲೇ ಎಣ್ಣೆ ಸೀಗೆಕಾಯಿ ಸಂಬಂಧ. ಪೆಟ್ಟಿಗೆಗಳು ಬಂದ ಮೇಲೆ ಅದಕ್ಕೊಂದು ಘನತೆ ಬಂತು. ಹಿಂದಿನ ರಜೆಯಲ್ಲಿ ಚಿಕ್ಕ ಭಾವ ತಮ್ಮ ಪೆಟ್ಟಿಗೆಯನ್ನು ಈ ಮನೆಯ ಟಿವಿಗೆ ಜೋಡಿಸಿದರು. ದೊಡ್ಡ ಭಾವ ಎದ್ದು ಹೋಗಿ ಪ್ಲಗ್ ಕಿತ್ತರು. ಅಲ್ಲಿಗೆ ಹೋಗಿಬರುವುದು ನಿಂತಿತು. ಅಕ್ಕಂದಿರು ಫೋನಿನಲ್ಲಿ ಪಿಸುಗುಟ್ಟುವ ಹಾಗಾಯಿತು. ಪೆಟ್ಟು ಬಿದ್ದದ್ದು ಮಾತ್ರ ಮಕ್ಕಳಿಗೆ. ದೊಡ್ಡಕ್ಕನ ಮಗಳು ಪುಟ್ಟಿ, ಚಿಕ್ಕಕ್ಕನ ಮಗಳು ಚಿನ್ನು, ಒಂದೇ ಹೊದಿಕೆಯಲ್ಲಿ ಮಲಗಿ ಬೆಳೆದವರು. ನನಗೆ ಇಬ್ಬರು ಭಾವಂದಿರ ಮೇಲೂ ಮೈ ಉರಿಯುತ್ತಿತ್ತು. ಹೇಳಿದರೆ ಕೇಳಬೇಕಲ್ಲ.

ಈ ರಜೆಗೆ ಚಿನ್ನು ಬರಲೇಬೇಕೆಂದು ಪುಟ್ಟಿ ಪಟ್ಟು ಹಿಡಿದಳು. "ನನ್ನ ಮಗಳು ಬಂದ್ರೆ ಬಿಳಿ ಪೆಟ್ಟಿಗೆ ಜೊತೆಗೇ ಬರೋದು" ಎಂದು ಚಿಕ್ಕ ಭಾವ. "ಆ ಡಬ್ಬ ನನ್ನ ಹೊಸ್ತಿಲು ದಾಟಲ್ಲ" ಎಂದು ದೊಡ್ಡ ಭಾವ.

"ಅಪ್ಪ, ಅಂಗಡೀಲಿ ಮಾಡೋ ಹಾಗೆ ಪರೀಕ್ಷೆ ಮಾಡೋಣ" ಅಂದಳು ಪುಟ್ಟಿ. "ಎರಡು ಟಿವಿ, ಎರಡರಲ್ಲೂ ಒಂದೇ ಆಟ. ಪೆಟ್ಟಿಗೆಗಳು ಪರದೆ ಹಿಂದೆ. ನಮ್ಮದು ಯಾವುದು ಅಂತ ನೀವು ಸರಿಯಾಗಿ ಹೇಳಿದ್ರೆ ಚಿನ್ನು ಪೆಟ್ಟಿಗೆ ಸಮೇತ ವಾಪಸ್. ತಪ್ಪಿದ್ರೆ ರಜೆ ಪೂರ್ತಿ ಎರಡೂ ಇಲ್ಲೇ."

"ನನ್ನ ಕಣ್ಣಿಗೇ ಪರೀಕ್ಷೆಯಾ?" ಎಂದು ಭಾವ ನಕ್ಕರು. ಒಪ್ಪಿದರು.

ಭಾನುವಾರ ಎಲ್ಲರೂ ಸೇರಿದೆವು. ಅಕ್ಕಂದಿರಿಬ್ಬರೂ ಹಿಂದೆ ಒಟ್ಟಿಗೆ ಕೊಂಡಿದ್ದ ಒಂದೇ ಥರದ ಎರಡು ಟಿವಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆವು. ಅವುಗಳ ವೈರುಗಳು ಕಿಟಕಿಯ ಪರದೆಯ ಹಿಂದೆ ಹೋಗಿದ್ದವು. ಹುಡುಗಿಯರಿಬ್ಬರೂ ಅಲ್ಲೇ ಕೂತು ಏನೋ ಜೋಡಿಸುತ್ತಿದ್ದರು. ಸೋಫಾದ ಆ ತುದಿಗೊಬ್ಬರು, ಈ ತುದಿಗೊಬ್ಬರು ಭಾವಂದಿರು, ನಡುವೆ ಖಾಲಿ. ಆಟ ಶುರುವಾಗುವ ಮೊದಲು ತಾನಾಗಿ ಓಡುವ ಕಾರಿನ ಪಂದ್ಯವೊಂದು ಎರಡು ಟಿವಿಗಳಲ್ಲೂ ಮೂಡಿತು.

ದೊಡ್ಡ ಭಾವ ಎದ್ದು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹತ್ತಿರ ಹೋದರು, ಹಿಂದೆ ಸರಿದರು, ಒಂದು ಕಣ್ಣು ಮುಚ್ಚಿದರು. ಆಮೇಲೆ ಸೋಫಾದ ತಮ್ಮ ತುದಿಗೆ ಮರಳಿ ಕೂತು ತೀರ್ಪು ಕೊಟ್ಟರು.

"ಎಡಗಡೇದು ನಮ್ಮದು. ಟೈರಿಂದ ಏಳೋ ಧೂಳನ್ನ ಎಣಿಸಬಹುದು. ಬಲಗಡೇದು ನೋಡಿ, ಎಣ್ಣೆ ಕೈಲಿ ಮುಟ್ಟಿದ ಗಾಜು. ಇದನ್ನ ದಿನಾ ನೋಡಿದ್ರೆ ಕಣ್ಣು ಹಾಳಾಗುತ್ತೆ."

ಚಿಕ್ಕ ಭಾವ ಸುಮ್ಮನಿರುವ ಪೈಕಿಯಲ್ಲ. "ಬಲಗಡೇದು ನಮ್ಮದು ಅನ್ನೋದು ನಿಜ. ಆದ್ರೆ ರಸ್ತೆ ಕಾಣ್ತಿರೋದೇ ಅದರಲ್ಲಿ. ಎಡಗಡೇದರಲ್ಲಿ ಗಾಡಿ ಓಡಿಸೋರಿಗೆ ನಾನಂತೂ ಲೈಸೆನ್ಸ್ ಕೊಡಿಸಲ್ಲ."

ಅಷ್ಟೂ ದಿನಗಳಲ್ಲಿ ಇಬ್ಬರೂ ಒಂದೇ ಮಾತು ಹೇಳಿದ್ದು ಅದೇ ಮೊದಲು. ಎಡ ಕಪ್ಪು, ಬಲ ಬಿಳಿ. ಇನ್ನೇನು, ಚಿನ್ನು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಡಬೇಕು ಎಂದುಕೊಂಡೆ. ಚಿಕ್ಕಕ್ಕ ಆಗಲೇ ಸೆರಗು ಸರಿಮಾಡಿಕೊಂಡು ಎದ್ದಿದ್ದಳು.

ಪುಟ್ಟಿ ಪರದೆ ಸರಿಸಿದಳು. ಅಲ್ಲಿದ್ದದ್ದು ಕಪ್ಪು ಪೆಟ್ಟಿಗೆ ಒಂದೇ. ಅದರಿಂದ ಹೊರಟ ವೈರು ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಡಬ್ಬಿಗೆ ಹೋಗಿ, ಅಲ್ಲಿಂದ ಎರಡಾಗಿ ಎರಡೂ ಟಿವಿಗೆ ಬಂದಿತ್ತು. ಚಿನ್ನು ತನ್ನ ಚೀಲದ ಜಿಪ್ ಎಳೆದಳು. ಬಿಳಿ ಪೆಟ್ಟಿಗೆ ವೈರು ಸುತ್ತಿಕೊಂಡು ಒಳಗೇ ತಣ್ಣಗೆ ಮಲಗಿತ್ತು.

"ದೊಡ್ಡಪ್ಪ, ಕಣ್ಣು ಹಾಳು ಮಾಡೋದೂ ನಿಮ್ಮದೇ" ಅಂದಳು.

ದೊಡ್ಡ ಭಾವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಚಿಕ್ಕ ಭಾವ ನಗಲು ಬಾಯಿ ತೆರೆದವರು, ತಾವು ಹೊಗಳಿದ್ದು ಯಾರನ್ನು ಎಂಬುದು ಹೊಳೆದು ಹಾಗೇ ಮುಚ್ಚಿಕೊಂಡರು.

"ಟಿವಿದೇ ಏನೋ ದೋಷ" ಎಂದರು ದೊಡ್ಡ ಭಾವ.

"ವೈರಿರಬಹುದು" ಎಂದರು ಚಿಕ್ಕ ಭಾವ, ಅವರ ಕಡೆ ಸ್ವಲ್ಪ ಸರಿದು.

ದೊಡ್ಡಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು. ಹಿಂದಿನ ರಜೆಯಿಂದ ತಂಗಿಯನ್ನು ಮನೆಗೆ ಕರೆಯಲಾಗದೆ ಒಳಗೊಳಗೇ ಬೆಂದವಳು ಅವಳು. ಮುಂದೆ ಬಂದು ಗಂಡನ ಕನ್ನಡಕವನ್ನು ತಾನೇ ಅವರ ಮೂಗಿನ ಮೇಲೆ ಸರಿಯಾಗಿ ಕೂರಿಸಿದಳು.

"ಈಗ ಹೇಳಿ. ಎಡಗಡೇದು ಚೆನ್ನಾಗಿದೆಯಾ, ಬಲಗಡೇದಾ?"

ಭಾವ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಷಡ್ಡಕನ ಕಡೆಗೂ ಒಮ್ಮೆ ನೋಡಿದರು. ಅಲ್ಲಿಂದಲೂ ಸಹಾಯ ಬರಲಿಲ್ಲ.

"ಎರಡೂ ಒಂದೇ" ಎಂದರು, ತೀರಾ ಮೆಲ್ಲಗೆ.

ಪುಟ್ಟಿ ಬಂದು ಸೋಫಾದ ಮುಂದೆ ನಿಂತಳು. ಅವಳ ಹಿಂದೆ ಚಿನ್ನು, ಕಂಕುಳಲ್ಲಿ ಬಿಳಿ ಪೆಟ್ಟಿಗೆ.

"ಆಯ್ತು, ಏಳಿ" ಅಂದಳು ಪುಟ್ಟಿ.

ಇಬ್ಬರೂ ಎದ್ದರು.