ಅಮ್ಮತ್ತಿಯ ತೋಟಕ್ಕೆ ಏರಿಸಿದ ಎಂಟರ್‌ಪ್ರೈಸ್

ವಿರಾಜಪೇಟೆಯಲ್ಲಿ ಕರಿಮೆಣಸಿನ ಅಂಗಡಿಯೊಂದರ ಮಹಡಿಯ ಮೇಲೆ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದಿತ್ತು. ಸಂಪಾಜೆಯವಳಾದ ನಾನು ಅಲ್ಲೇ ರೂಮು ಮಾಡಿಕೊಂಡು ಅದರಲ್ಲಿ ಕೆಲಸಕ್ಕಿದ್ದೆ. ಕಂಪನಿಯ ಯಜಮಾನರು ದೊಡ್ಡ ಊರುಗಳಲ್ಲಿ ಕೆಲಸ ಮಾಡಿ ಬಂದವರು. ದೊಡ್ಡ ಕಂಪನಿಗಳ ತಂತ್ರಾಂಶಕ್ಕೆ ಹೇಳುವ ‘ಎಂಟರ್‌ಪ್ರೈಸ್’ ಎಂಬ ಮಾತು ಆಡದೆ ಅವರಿಗೆ ಕಾಫಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಮ್ಮತ್ತಿಯ ಒಂದು ಎಸ್ಟೇಟಿನವರು ಕೇಳಿದ್ದು ಇಷ್ಟೇ: ಪಿಕಿಂಗ್ ಸಮಯದಲ್ಲಿ ಯಾರು ಎಷ್ಟು ಕೆಜಿ ಕಾಫಿ ಕೊಯ್ದರೆಂದು ಸಂಜೆ ದಾಖಲಿಸಲು ಕಂಪ್ಯೂಟರಿನಲ್ಲೊಂದು ಅನುಕೂಲ. ಪುಟ್ಟ ಪ್ರೋಗ್ರಾಮು ಸಾಕಿತ್ತು. ಯಜಮಾನರು ಅದನ್ನು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತುಂಡು ತುಂಡು ಮಾಡಿಸಿದರು. ತೂಕ ಪಡೆಯಲು ಒಂದು ಕಾಂಪೊನೆಂಟ್, ಕೂಡಲು ಇನ್ನೊಂದು, ಉಳಿಸಿಡಲು ಮತ್ತೊಂದು. ಇವನ್ನೆಲ್ಲ ಹೊತ್ತು ನಡೆಸಲು ಅಪ್ಲಿಕೇಶನ್ ಸರ್ವರ್ ಎಂಬ ಭಾರೀ ತಂತ್ರಾಂಶ. ನಾಳೆ ನೂರು ಎಸ್ಟೇಟ್ ಬಂದರೂ ತಡೆದುಕೊಳ್ಳುತ್ತದೆ ಎನ್ನುತ್ತಿದ್ದರು. ಬಂದದ್ದು ಅದೊಂದೇ.

ಸರ್ವರಿಗೆ ಏರಿಸುವ ದಿನ, ಅಂದರೆ ಡಿಪ್ಲಾಯ್ ಮಾಡುವ ದಿನ, ಅವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದರು. ಎಸ್ಟೇಟ್ ಆಫೀಸಿನಲ್ಲಿದ್ದದ್ದು ಹಳೆಯ ಕಂಪ್ಯೂಟರ್. ಅದರಲ್ಲಿ ಸರ್ವರ್ ಏಳುವಷ್ಟರಲ್ಲಿ ಲೈನುಮನೆಗಳ ಕೂಲಿ ಹೆಂಗಸರು ಚೀಲ ಹೊತ್ತು ಅಂಗಳಕ್ಕೆ ಬಂದಿದ್ದರು. ಕೊನೆಗೆ ಡಿಪ್ಲಾಯ್ ಯಶಸ್ವಿ ಎಂದು ಪರದೆಯಲ್ಲಿ ಮೂಡಿತು. ಯಜಮಾನರು ಅದರ ಫೋಟೊ ತೆಗೆದರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೊದಲ ತೂಕ ಒತ್ತಿದರು. ಪರದೆಯ ತುಂಬ ಕೆಂಪು ಸಾಲುಗಳು ಸುರಿದವು.

“ಸಾರ್, ಕೂಡುವ ಕಾಂಪೊನೆಂಟ್ ಸಿಗ್ತಿಲ್ಲ,” ಎಂದೆ. “ಅದನ್ನ ಕರೆಯೋ ಹೆಸರು ನಿಮ್ಮ ಲ್ಯಾಪ್‌ಟಾಪಲ್ಲಿ ಬೇರೆ, ಇಲ್ಲಿ ಬೇರೆ.”

“ನಮ್ಮ ಆರ್ಕಿಟೆಕ್ಚರ್ ಸರಿ ಇದೆ. ಇಲ್ಲಿನ ಎನ್ವಿರಾನ್‌ಮೆಂಟ್ ಸರಿ ಇಲ್ಲ,” ಎಂದು ಅವರು ಕಿಟಕಿಯಾಚೆ, ಚೀಲ ಹೊತ್ತು ನಿಂತವರ ಕಡೆ ನೋಡಿದರು. ತಪ್ಪು ಅವರದ್ದೇ ಎಂಬಂತೆ.

“ಎಂತ ಮೇಡಂ, ಹೆಂಗಸ್ರು ಕಾಯ್ತಾ ಇದ್ದಾರೆ,” ಎಂದ ರೈಟರ್, ಎಂದಿನ ಲೆಕ್ಕದ ಪುಸ್ತಕ ಹಿಡಿದು ತಕ್ಕಡಿಯತ್ತ ಹೊರಟರು.

ಮರುದಿನ ನಾನೊಬ್ಬಳೇ ಬಸ್ಸಿನಲ್ಲಿ ಹೋಗಿ ಹೆಸರು ತಿದ್ದಿದೆ. ತೂಕ ಕೂಡತೊಡಗಿತು, ಆದರೆ ಒಂದೊಂದು ತೂಕ ಉಳಿಸುವಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸಬಹುದಿತ್ತು. ಅಷ್ಟರೊಳಗೆ ಕಂಪನಿಯ ವೆಬ್‌ಸೈಟಿನಲ್ಲಿ ಆ ಫೋಟೊ ರಾರಾಜಿಸುತ್ತಿತ್ತು: ಕೊಡಗಿನ ಕಾಫಿಗೆ ಎಂಟರ್‌ಪ್ರೈಸ್ ಪರಿಹಾರ.

ವಾರ ಕಳೆಯುವ ಮೊದಲೇ ಎಸ್ಟೇಟಿನ ಒಡತಿ ಫೋನು ಮಾಡಿ ನನ್ನನ್ನು ಕರೆಸಿದರು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಹೇಳಿದರು: “ಬೇಜಾರು ಮಾಡ್ಕೋಬೇಡ ಮಗಳೇ. ಮೊದ್ಲು ಆ ಕಂಪ್ಯೂಟರಲ್ಲಿ ಇಮೇಲ್ ಆದ್ರೂ ನೋಡ್ತಿದ್ದೆ. ಈಗ ಅದೂ ತೆರೀತಿಲ್ಲ. ನಿಮ್ದನ್ನ ತೆಗ್ದುಬಿಡು.”

ನನಗೆ ಬೇಜಾರೇನೂ ಆಗಲಿಲ್ಲ. ಒಳಗೆ ಹೋಗಿ ಕಾಂಪೊನೆಂಟುಗಳನ್ನೆಲ್ಲ ಇಳಿಸಿ, ಸರ್ವರ್ ನಿಲ್ಲಿಸಿದೆ. ಗುರುಗುಡುತ್ತಿದ್ದ ಕಂಪ್ಯೂಟರ್ ಸುಮ್ಮನಾಯಿತು. ನಮ್ಮ ಕಂಪನಿ ಮಾಡಿದ ಕೆಲಸಗಳಲ್ಲಿ ಮೊದಲ ಸಲಕ್ಕೇ ಸರಿಯಾಗಿ ನಡೆದದ್ದು ಅದೊಂದೇ.

ಸಂಜೆ ಯಜಮಾನರಿಗೆ ತಿಳಿಸಿದೆ. “ಇಲ್ಲಿಯವರು ಇನ್ನೂ ರೆಡಿ ಆಗಿಲ್ಲ,” ಎಂದರು. ವೆಬ್‌ಸೈಟಿನ ಫೋಟೊ ಮಾತ್ರ ತೆಗೆಯಲಿಲ್ಲ.